ಉಸಿರಾಡುವ ತಳ

ಹೊಳೆಗೆ ಬೆನ್ನು ಹಾಕಿ ನಿಂತ ಆ ಬೀದಿಯಲ್ಲಿ ಮೂವತ್ತೊಂದು ಮನೆಗಳಿದ್ದವು. ಮೂವತ್ತೊಂದಕ್ಕೂ ಸೆಪ್ಟಿಕ್ ಟ್ಯಾಂಕ್ ಕಟ್ಟಿದವನು ಒಬ್ಬನೇ. ಬೇರೆ ಮೇಸ್ತ್ರಿಗಳು ಗೋಡೆ ಎಬ್ಬಿಸಿದರು, ಮಹಡಿ ಏರಿಸಿದರು, ಗೃಹಪ್ರವೇಶದ ದಿನ ಹೊಗಳಿಸಿಕೊಂಡರು. ನೆಲದ ಕೆಳಗಿನ ಕೆಲಸ ಮಾತ್ರ ಇವನ ಪಾಲಿಗೆ ಬಂತು. ಜನ ಇವನನ್ನು ಗುಂಡಿ ಮೇಸ್ತ್ರಿ ಎಂದರು. ಮೊದಮೊದಲು ಗೇಲಿಗೆ ಅಂದದ್ದು, ಬರಬರುತ್ತ ಬಿರುದೇ ಆಗಿಹೋಯಿತು.

ಬಿರುದಿಗೆ ಕಾರಣವೂ ಇತ್ತು. ಇವನು ಕಟ್ಟಿದ ಟ್ಯಾಂಕು ತುಂಬುತ್ತಿರಲಿಲ್ಲ. ಬೇರೆ ಬೀದಿಗಳಿಗೆ ಮೂರು ನಾಲ್ಕು ವರ್ಷಕ್ಕೊಮ್ಮೆ ಹೀರುವ ಲಾರಿ ಬಂದು, ದಪ್ಪ ಕೊಳವೆ ಇಳಿಸಿ, ಎಲ್ಲರೂ ಮೂಗು ಮುಚ್ಚಿಕೊಳ್ಳುವಂತೆ ಮಾಡಿ ಹೋಗುತ್ತಿತ್ತು. ಈ ಬೀದಿಗೆ ಮೂವತ್ತು ವರ್ಷದಲ್ಲಿ ಆ ಲಾರಿ ಬಂದದ್ದು ಒಂದೇ ಸಲ, ಅದೂ ದಾರಿ ತಪ್ಪಿ. ಅವತ್ತು ಮೇಸ್ತ್ರಿಯೇ ಅಡ್ಡ ನಿಂತು, "ಇಲ್ಲಿ ನಿಮಗೇನೂ ಸಿಗಲ್ಲ ಕಣ್ರೀ, ಮುಂದಿನ ಬೀದಿಗೆ ಹೋಗಿ" ಎಂದು ಡ್ರೈವರನನ್ನು ಕಳಿಸಿದ್ದ. ಆ ಕತೆಯನ್ನು ಇವತ್ತಿಗೂ ಉಪ್ಪು ಖಾರ ಹಚ್ಚಿ ಹೇಳುತ್ತಾನೆ.

ಮನೆಯಲ್ಲಿ ಐದು ಜನ. ಮೇಸ್ತ್ರಿ. ಅವನ ಮಾತಿಗೆ ಕತ್ತರಿ ಹಾಕುವುದನ್ನೇ ಕಸುಬು ಮಾಡಿಕೊಂಡ ಹೆಂಡತಿ. ಅಪ್ಪನ ಜೊತೆಯೇ ಗಾರೆ ಕೆಲಸ ಮಾಡುವ ಮಗ. ಹೊಳೆ ಕಾಪಾಡುವ ಕಚೇರಿಯಲ್ಲಿ ನೀರು ಪರೀಕ್ಷೆ ಮಾಡುವ ಸೊಸೆ. ಎಂಟು ವರ್ಷದ ಮೊಮ್ಮಗಳು, ಶಾಲೆಗಿಂತ ಹೆಚ್ಚು ಹೊತ್ತು ಹೊಳೆಯ ತಿರುವಿನಲ್ಲಿ ಈಜುತ್ತ ಕಳೆಯುವವಳು. ಸೊಸೆಯ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ದಿನ ಬಿಟ್ಟು ದಿನ ಅವಳು ಹೊಳೆಯುದ್ದಕ್ಕೂ ನೆಟ್ಟ ಕಂಬಗಳ ಹತ್ತಿರ ಬಗ್ಗಿ ಬಾಟಲಿಗೆ ನೀರು ತುಂಬಿ, ಕಚೇರಿಗೆ ಒಯ್ದು, ಅದರಲ್ಲಿ ಎಷ್ಟು ಹೊಲಸಿದೆ ಎಂದು ನೋಡಿ ಬರೆಯಬೇಕು.

ಒಂದು ಸಂಜೆ ಊಟಕ್ಕೆ ಕೂತಾಗ ಅವಳು ಬ್ಯಾಗಿನಿಂದ ಒಂದು ಹಾಳೆ ತೆಗೆದಳು.

"ಮಾವ, ಹೊಸ ನಿಯಮ ಬಂದಿದೆ. ಹೊಳೆ ಪಕ್ಕದ ಮನೆಗಳ ಟ್ಯಾಂಕೆಲ್ಲ ಪರೀಕ್ಷೆ ಮಾಡ್ತಾರೆ. ಸೋರ್ತಿದ್ರೆ ಮೂರು ತಿಂಗಳಲ್ಲಿ ಸರಿ ಮಾಡಿಸ್ಬೇಕು. ಇಲ್ಲಾಂದ್ರೆ ನಲ್ಲಿ ನೀರು ಬಂದ್."

ಮೇಸ್ತ್ರಿ ನಕ್ಕುಬಿಟ್ಟ. "ನಮ್ಮ ಬೀದಿಗೆ ಬಂದು ಸುಮ್ನೆ ಯಾಕೆ ಚಪ್ಪಲಿ ಸವೆಸ್ತಾರೆ ಅಂತ ಕೇಳು ನಿಮ್ಮ ಸಾಹೇಬ್ರನ್ನ."

"ನಾನು ಕೇಳೋ ಹಾಗಿಲ್ಲ. ನಾವಿರೋ ಬೀದಿ ಅಂತ ನನ್ನನ್ನ ಈ ಪರೀಕ್ಷೆಯಿಂದ ಹೊರಗಿಟ್ಟಿದ್ದಾರೆ. ಬೇರೆಯವರು ಬರ್ತಾರೆ."

"ಯಾರು ಬೇಕಾದ್ರೂ ಬರ್ಲಿ. ನನ್ನ ಟ್ಯಾಂಕಿನ ಮುಂದೆ ಎಲ್ಲರೂ ಒಂದೇ."

"ಊಟದ ಹೊತ್ತಲ್ಲಾದ್ರೂ ಆ ಟ್ಯಾಂಕಿನ ಮಾತು ಬಿಡ್ರೀ" ಎಂದಳು ಹೆಂಡತಿ. "ಮೂವತ್ತು ವರ್ಷದಿಂದ ಈ ಮನೇಲಿ ಅನ್ನಕ್ಕೆ ಅದನ್ನೇ ನಂಜ್ಕೊಂಡು ತಿಂತಿದೀವಿ."

ಬೀದಿಯಲ್ಲಿ ಮಾತ್ರ ಸುದ್ದಿ ಕೇಳಿ ಗಾಬರಿ ಎದ್ದಿತು. ಮೂಲೆ ಮನೆಯ ಟೈಲರಮ್ಮ ಹೊಲಿಗೆ ಮೆಷಿನ್ನು ನಿಲ್ಲಿಸಿ ಜನ ಸೇರಿಸಿದಳು. ಬಾಯಿ ಜೋರು, ಮನಸ್ಸು ಮೆತ್ತಗೆ ಅನ್ನುವ ಹೆಂಗಸು. ಮೇಸ್ತ್ರಿ ಅವಳ ಅಂಗಡಿ ಮೆಟ್ಟಿಲ ಮೇಲೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದ: "ಯಾರೂ ಹೆದರ್ಬೇಡಿ. ನಾನು ಕಟ್ಟಿದ್ದರಲ್ಲಿ ಒಂದು ಹನಿ ಸೋರಿದ್ರೂ ಕೂಲಿ ತಗೊಳ್ದೆ ನನ್ನ ಕೈಯಾರೆ ಮತ್ತೆ ಕಟ್ಟಿಕೊಡ್ತೀನಿ. ಇದು ನನ್ನ ಮಾತು."

ಮಾರನೆಯ ವಾರ ಮೊಣಕಾಲುದ್ದದ ಬೂಟು ಹಾಕಿಕೊಂಡ ಅಧಿಕಾರಿಯೊಬ್ಬ ಬಂದ. ಮೇಸ್ತ್ರಿ ಹಾರೆ ಹಿಡಿದು ಮದುವೆ ಮನೆಯ ಹಿರಿಯನಂತೆ ಮುಂದೆ ಮುಂದೆ ನಡೆದ. ಒಂದೊಂದು ಮನೆಯಲ್ಲೂ ಹಿತ್ತಲಿನ ಮುಚ್ಚಳ ಎತ್ತುವುದು, ಒಳಗಿನ ನೀರಿನ ಮಟ್ಟಕ್ಕೆ ಸೀಮೆಸುಣ್ಣದ ಗೆರೆ ಎಳೆಯುವುದು, ಮಾರನೆಯ ದಿನ ಬಂದು ನೀರು ಗೆರೆಗಿಂತ ಇಳಿದಿದೆಯೇ ನೋಡುವುದು. ಮೂವತ್ತೊಂದು ಮನೆಯಲ್ಲೂ ನೀರು ಗೆರೆ ಬಿಟ್ಟು ಕದಲಿರಲಿಲ್ಲ. ಅಧಿಕಾರಿ ಮೇಸ್ತ್ರಿಯ ಕೈ ಕುಲುಕಿದ. ಟೈಲರಮ್ಮ ಎಲ್ಲರಿಗೂ ಚಹಾ ಕೊಟ್ಟಳು. ಮೇಸ್ತ್ರಿ ಆ ದಿನ ಎದೆ ಉಬ್ಬಿಸಿ ನಡೆದ ರೀತಿಗೆ ಅಂಗಿಯ ಗುಂಡಿ ಕಿತ್ತು ಬರದಿದ್ದದ್ದೇ ಹೆಚ್ಚು.

ಒಂದು ವಿಷಯ ಮಾತ್ರ ಉಳಿದುಹೋಯಿತು. ಪ್ರತಿ ಟ್ಯಾಂಕಿಗೂ ಎರಡು ಕೋಣೆ, ಎರಡು ಮುಚ್ಚಳ. ಅಧಿಕಾರಿ ನೋಡಿದ್ದು ಮನೆಯ ಕೊಳವೆ ಬಂದು ಬೀಳುವ ಮೊದಲ ಕೋಣೆ. ಎರಡನೆಯ ಮುಚ್ಚಳಗಳು ಮಣ್ಣಿನಡಿ ಹೂತುಹೋಗಿದ್ದವು. ಎಲ್ಲೆಲ್ಲಿವೆ ಎಂದು ಮೇಸ್ತ್ರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಅಧಿಕಾರಿ ಕೇಳಲಿಲ್ಲ, ಇವನು ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ, ಅಡುಗೆ ಚೆನ್ನಾಗಿದೆ ಎಂದು ಉಂಡವನನ್ನು ಕರೆದು ಯಾರಾದರೂ ಒಗ್ಗರಣೆ ಸೌಟು ತೋರಿಸುತ್ತಾರೆಯೇ?

ಎರಡು ವಾರ ಕಳೆಯಿತು. ಸೊಸೆ ಮನೆಗೆ ಬಂದು ಚಪ್ಪಲಿ ಬಿಡುವ ಸದ್ದಿನಲ್ಲೇ ಏನೋ ಆಗಿದೆ ಎಂದು ಅತ್ತೆಗೆ ಗೊತ್ತಾಯಿತು. ಊಟದ ಹೊತ್ತಿಗೆ ಸೊಸೆ ತಟ್ಟೆಯಲ್ಲಿನ ಆಲೂಗಡ್ಡೆಯನ್ನು ಆ ಕಡೆಯಿಂದ ಈ ಕಡೆಗೆ ಸರಿಸುತ್ತ ಕೂತಳು.

"ಏನಮ್ಮಾ, ಉಪ್ಪು ಹೆಚ್ಚಾಯ್ತಾ?"

"ಇಲ್ಲ ಅತ್ತೆ. ಆಫೀಸಲ್ಲಿ ನೋಟಿಸ್ ಕೊಟ್ಟಿದ್ದಾರೆ. ನಾಲ್ಕನೇ ಕಂಬದ ಹತ್ತಿರ ನಾನು ತೆಗೆದ ನೀರೆಲ್ಲ ಹೊಲಸು ಅಂತ ಬರ್ತಿದೆ. ಬೀದಿ ಟ್ಯಾಂಕೆಲ್ಲ ಪಾಸಾಗಿದೆ, ಹಾಗಾದ್ರೆ ಹೊಲಸು ಎಲ್ಲಿಂದ ಬಂತು, ನೀನೇ ಬಾಟಲಿ ಸರಿಯಾಗಿ ತೊಳೆದಿಲ್ಲ ಅಂತಾರೆ. ಹದಿನೈದು ದಿನದಲ್ಲಿ ಉತ್ತರ ಕೊಡ್ಬೇಕು. ಇಲ್ಲಾಂದ್ರೆ ಕೆಲಸ ಕಾಯಂ ಆಗೋದು ಮರೆತುಬಿಡು ಅಂದ್ರು."

"ನೀನು ತೊಳೆದಿರ್ತೀಯಾ ಬಿಡು" ಎಂದ ಮಗ. "ಕುಡಿಯೋ ಲೋಟನೇ ಮೂರು ಸಲ ತೊಳೆಯೋಳು."

"ಮೂರನೇ ಕಂಬದ ಹತ್ರ ನೀರು ಚೆನ್ನಾಗಿದೆ. ನಾಲ್ಕನೇದರ ಹತ್ರ ಕೆಟ್ಟಿದೆ. ಅವೆರಡರ ಮಧ್ಯೆ ಇರೋದು ನಮ್ಮ ಬೀದಿ ಒಂದೇ. ಒಂದೋ ನನ್ನ ಬಾಟಲಿ ಸುಳ್ಳು ಹೇಳ್ತಿದೆ, ಇಲ್ಲಾ ಬೀದಿ ಸುಳ್ಳು ಹೇಳ್ತಿದೆ."

ಮೇಸ್ತ್ರಿಗೆ ಚುರುಕ್ ಎಂದಿತು. "ನನ್ನ ಟ್ಯಾಂಕು ಸುಳ್ಳು ಹೇಳಲ್ಲಮ್ಮ."

ಸೊಸೆ ಮಾವನ ಮುಖ ನೋಡಿದಳು. ಜಗಳದ ನೋಟವಲ್ಲ. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡುವಾಗಿನ ನೋಟ. "ಮಾವ, ಒಂದು ಕೇಳ್ತೀನಿ. ಮೂವತ್ತು ವರ್ಷದಲ್ಲಿ ಒಂದು ಟ್ಯಾಂಕೂ ತುಂಬಿಲ್ಲ ಅಂತೀರಲ್ಲ, ಯಾಕೆ ತುಂಬಿಲ್ಲ?"

ಇಂಥ ಪ್ರಶ್ನೆಗಾಗಿ ಮೇಸ್ತ್ರಿ ಮೂವತ್ತು ವರ್ಷ ಕಾದಿದ್ದ ಎನ್ನಬೇಕು. ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಅವನು ತಟ್ಟೆ ಪಕ್ಕಕ್ಕಿಟ್ಟು, ಎರಡು ಲೋಟ ಜೋಡಿಸಿ ಮೇಜಿನ ಮೇಲೇ ಟ್ಯಾಂಕು ಕಟ್ಟಿದ.

"ನೋಡು, ಇದು ಮೊದಲನೇ ಕೋಣೆ. ತಳ ಗೋಡೆ ಎಲ್ಲಾ ಗಟ್ಟಿ. ಮೇಲೆ ತುಂಬಿ ಬಂದದ್ದು ಎರಡನೇ ಕೋಣೆಗೆ ಬೀಳುತ್ತೆ. ಎಲ್ಲರೂ ಎರಡನೇದಕ್ಕೂ ಕಾಂಕ್ರೀಟ್ ತಳ ಹಾಕ್ತಾರೆ. ನಾನು ಹಾಕಲ್ಲ. ಕಲ್ಲು ಜೋಡಿಸಿ ಮೇಲೆ ಮರಳು ಹಾಸ್ತೀನಿ. ತಳ ಉಸಿರಾಡುತ್ತೆ. ಬಂದದ್ದು ಬಂದಹಾಗೆ ಇಳಿದುಹೋಗುತ್ತೆ. ಉಸಿರಾಡೋ ತಳ ಅಂತ ನಾನೇ ಹೆಸರಿಟ್ಟೆ. ಈಗ ಸುತ್ತಮುತ್ತ ಎಲ್ಲಾ ಮೇಸ್ತ್ರಿಗಳೂ ನನ್ನ ನೋಡಿ ಕಲ್ತಿದ್ದಾರೆ. ಗೊತ್ತಾ?"

 ಮಗ ನೀರು ಕುಡಿಯಲು ಎತ್ತಿದ ಲೋಟ ಹಾಗೇ ಕೈಯಲ್ಲಿತ್ತು.

"ಇಳಿದು ಎಲ್ಲಿಗೆ ಹೋಗುತ್ತೆ ತಾತ?" ಎಂದಳು ಮೊಮ್ಮಗಳು.

"ಮಣ್ಣಿಗೆ."

"ಮಣ್ಣಿಂದ?"

ಮೇಸ್ತ್ರಿ ಹೊರಗೆ ಕೈ ತೋರಿಸಲು ತಿರುಗಿದ. ಹಿತ್ತಲ ಬಾಗಿಲು ತೆರೆದಿತ್ತು, ನಲವತ್ತು ಅಡಿ ಆಚೆ ಹೊಳೆ ಕಾಣುತ್ತಿತ್ತು. ಅವನು ಎರಡೂ ಲೋಟ ಪಕ್ಕಕ್ಕೆ ತಳ್ಳಿದ. ಸಿಟ್ಟು ಬಂತು.

"ಮರಳು ಸೋಸುತ್ತೆ! ಮಾವನ ಹೆಸರು ಮಣ್ಣುಪಾಲು ಮಾಡೋಕೆ ಆ ಕೆಲಸಕ್ಕೆ ಸೇರಿದ್ಯಾ ನೀನು?"

"ರೀ!" ಎಂದಳು ಹೆಂಡತಿ. "ಆ ಹುಡುಗಿ ಕೇಳಿದ್ದು ಒಂದು ಪ್ರಶ್ನೆ. ಮೈಮೇಲೆ ಬಿದ್ದ ಹಾಗೆ ಆಡ್ಬೇಡಿ."

"ಮರಳು ಸೋಸೋದಿದ್ರೆ ಒಳ್ಳೇದೇ ಮಾವ" ಎಂದಳು ಸೊಸೆ. ಅವಳ ದನಿ ನಡುಗುತ್ತಿತ್ತು, ಆದರೂ ಬಿಡಲಿಲ್ಲ. "ಆಫೀಸಲ್ಲಿ ಹಸಿರು ಬಣ್ಣದ ಪುಡಿ ಇದೆ. ನಮ್ಮನೆ ಎರಡನೇ ಕೋಣೆಗೇ ಹಾಕಿ ನೋಡೋಣ. ಹೊಳೇಲಿ ಹಸಿರು ಕಾಣದಿದ್ರೆ ನಾನೇ ನಿಮ್ಮ ಕಾಲು ಹಿಡಿದು ತಪ್ಪಾಯ್ತು ಅಂತೀನಿ."

"ಕಂಡ್ರೆ ನಾನು ಮೀಸೆ ಬೋಳಿಸ್ಕೋತೀನಿ!"

ಭಾನುವಾರ ಬೆಳಿಗ್ಗೆ ಹೆಂಡತಿಯ ಬಟ್ಟೆ ಒಗೆಯುವ ಕಲ್ಲನ್ನು ಸರಿಸಿ ಅಗೆದರು. ಎರಡು ಅಡಿ ಕೆಳಗೆ, ಮೇಸ್ತ್ರಿ ಹೇಳಿದ ಜಾಗದಲ್ಲೇ, ಮುಚ್ಚಳ ಸಿಕ್ಕಿತು. ಹಾರೆ ಹಾಕಿ ಎತ್ತಿ ಗಾಳಿಯಾಡಲು ಬಿಟ್ಟು ಮೇಸ್ತ್ರಿ ಒಳಗೆ ಬಗ್ಗಿ ನೋಡಿದ. ಈ ಕೋಣೆಯಿಂದ, ಹೊಳೆಯಿಂದ ದೂರ ಬೀದಿಯ ಕಡೆ ತೋಡಿದ ಇಂಗುಗುಂಡಿಗೆ ನೀರು ಹೋಗಲೆಂದು ಮೇಲುಗಡೆ ಒಂದು ಕೊಳವೆ ಇಟ್ಟಿದ್ದ. ನಿಯಮದ ಪ್ರಕಾರ ನೀರು ಹೋಗಬೇಕಾದ ದಾರಿ ಅದು. ಕೊಳವೆ ಅಂಗಡಿಯಿಂದ ತಂದ ದಿನದಷ್ಟೇ ಒಣಗಿತ್ತು. ಅದರ ಬಾಯಿಗೆ ಜೇಡ ಬಲೆ ಕಟ್ಟಿತ್ತು. ಮೂವತ್ತು ವರ್ಷದಲ್ಲಿ ಒಂದು ಹನಿಯೂ ಆ ದಾರಿಯಲ್ಲಿ ಹೋಗಿರಲಿಲ್ಲ. ಮೇಸ್ತ್ರಿ ಆ ಬಲೆಯನ್ನು ನೋಡಿ, ಪುಡಿಯ ಪೊಟ್ಟಣಕ್ಕಾಗಿ ಸೊಸೆಯ ಕಡೆ ಕೈ ಚಾಚಿದ.

ಪುಡಿ ಹಾಕಿದರು. ಸೋಮವಾರ ಹೊಳೆಯಲ್ಲಿ ಏನಿಲ್ಲ. ಮಂಗಳವಾರವೂ ಇಲ್ಲ. ಮೇಸ್ತ್ರಿ ಮೀಸೆ ನೀವುತ್ತ ತಿರುಗಿದ, ಬಚ್ಚಲಲ್ಲಿ ಹಾಡಿಕೊಂಡ. ಹೆಂಡತಿ ಮಾತ್ರ, "ಹೊಳೆ ಕಡೆ ದಿನಕ್ಕೆ ಹತ್ತು ಸಲ ಯಾಕೆ ಹೋಗ್ತೀರಿ? ಅಷ್ಟು ನಂಬಿಕೆ ಇದ್ರೆ ಮನೇಲಿರ್ಬಹುದಲ್ಲ" ಎಂದಳು.

ಬುಧವಾರ ಮಧ್ಯಾಹ್ನ ಅವನು ಹನ್ನೊಂದನೆಯ ಸಲ ಹೋದ. ದಂಡೆಯ ಬೇರುಗಳ ನಡುವೆ ಒಂದು ಸಣ್ಣ ಒರತೆಯಿತ್ತು. ಅದರಿಂದ ಎಳೆ ಹಸಿರು ನೀರು ಹೊಲಿಗೆ ದಾರದಷ್ಟು ಸಣ್ಣಗೆ ಹೊಳೆಗೆ ಇಳಿಯುತ್ತಿತ್ತು. ಅಲ್ಲಿಂದ ಹತ್ತು ಮಾರು ಕೆಳಗೆ, ತಿರುವಿನಲ್ಲಿ, ಶಾಲೆ ಬಿಟ್ಟ ಮಕ್ಕಳು ಈಜುತ್ತಿದ್ದರು. ಅವರ ನಡುವೆ, ಹೊಳೆಗಿಳಿಯಬೇಡ ಎಂದು ತಾಯಿ ಹೇಳಿದ್ದರೂ ಕೇಳದೆ, ಮೊಮ್ಮಗಳು ಬಾಯಿ ತುಂಬ ನೀರು ತುಂಬಿಕೊಂಡು ಕಾರಂಜಿಯ ಹಾಗೆ ಉಗುಳಿ ನಗುತ್ತಿದ್ದಳು.

ಮೇಸ್ತ್ರಿ ದಂಡೆಗುಂಟ ತಿರುವಿನ ಕಡೆ ಓಡಿದ. ಅವಮಾನ ಆಮೇಲೆ ಬಂದದ್ದು. "ಬಾ ಈಚೆ!" ಎಂದು ಅವನು ಕೂಗಿದ ಕೂಗಿಗೆ ಎಲ್ಲ ಮಕ್ಕಳೂ ದಡಕ್ಕೆ ಬಂದು ನಿಂತರು.

ಅಂದು ಸಂಜೆ ಸೊಸೆ ಬರುವಷ್ಟರಲ್ಲಿ ಮೇಸ್ತ್ರಿ ಕನ್ನಡಿ ಮುಂದೆ ಕೂತು ಮೀಸೆ ತೆಗೆದಾಗಿತ್ತು. ಮೇಲ್ದುಟಿ ಬಿಳಿಚಿಕೊಂಡು ಬೇರೆ ಯಾರದೋ ಮುಖದಂತೆ ಕಾಣುತ್ತಿತ್ತು. ಸೊಸೆ ಬಾಗಿಲಲ್ಲೇ ನಿಂತಳು. ಗೆದ್ದ ಖುಷಿ ಅವಳ ಮುಖದಲ್ಲಿ ಎಳ್ಳಷ್ಟೂ ಇರಲಿಲ್ಲ, ಕಣ್ಣು ತುಂಬಿ ಬಂದವು.

"ಅಳ್ಬೇಡ. ಕೂದಲು ತಾನೆ, ಬರುತ್ತೆ" ಎಂದ ಮೇಸ್ತ್ರಿ. "ಈಗ ನಿಮ್ಮ ಆಫೀಸಿನ ನೋಟಿಸಿಗೆ ಉತ್ತರ ಬರಿ."

"ಬರೆದ್ರೆ ಮೂವತ್ತೊಂದು ಮನೆಯೂ ಫೇಲಾಗುತ್ತೆ ಮಾವ."

ಮಗ ಎದ್ದು ನಿಂತ. "ನಮ್ಮನೆ ಒಂದರದ್ದು ಬರಿ, ಸಾಕು. ಎರಡನೇ ಮುಚ್ಚಳ ಎಲ್ಲಿವೆ ಅಂತ ಅಪ್ಪನಿಗೆ ಬಿಟ್ರೆ ಯಾರಿಗೆ ಗೊತ್ತು? ಇದು ಹೊರಗೆ ಬಂದ್ರೆ ನಾಳೆಯಿಂದ ನಮಗೆ ಯಾರು ಕೆಲಸ ಕೊಡ್ತಾರೆ?"

"ಉಳಿದ ಮೂವತ್ತು ಮನೆಯದ್ದು ನಿನ್ನ ಮಗಳ ಬಾಯಿಗೆ ಹೋಗ್ಲಿ ಅಂತೀಯಾ?" ಎಂದ ಮೇಸ್ತ್ರಿ.

"ನಾನು ಹಾಗಂದ್ನಾ? ಒಂದೊಂದಾಗಿ, ಗುಟ್ಟಾಗಿ ಸರಿ ಮಾಡೋಣ ಅಂದೆ."

"ಗುಟ್ಟಾಗಿ ಮೂವತ್ತು ಹಿತ್ತಲು ಅಗೆಯೋಕೆ ನಾವೇನು ಹೆಗ್ಗಣನಾ?" ಎಂದಳು ತಾಯಿ. ಇಷ್ಟು ಹೊತ್ತು ಸೊಪ್ಪು ಸೋಸುತ್ತಿದ್ದವಳು ಕೈ ನಿಲ್ಲಿಸಿದ್ದಳು. "ನಿಮ್ಮಪ್ಪ ಏನು ಮಾಡಿದ್ರೂ ಬೀದಿಗೆಲ್ಲ ಕೇಳೋ ಹಾಗೆ ಹೇಳಿಕೊಂಡೇ ಮಾಡಿದ್ದು. ಇದನ್ನೂ ಹಾಗೇ ಮಾಡ್ಲಿ."

ಮಾರನೆಯ ದಿನ ಮೇಸ್ತ್ರಿ ಕೆಲಸದ ಬಟ್ಟೆಯಲ್ಲೇ ಸೊಸೆಯ ಜೊತೆ ಕಚೇರಿಗೆ ಹೋದ. ಕೈಯಲ್ಲಿ ದೊಡ್ಡದೊಂದು ಹಾಳೆ. ಮೂವತ್ತೊಂದು ಮನೆಗಳ ಹಿತ್ತಲನ್ನೂ ನೆನಪಿನಿಂದಲೇ ಬರೆದು, ಎರಡನೆಯ ಮುಚ್ಚಳ ಇರುವ ಕಡೆ ಕೆಂಪು ಚುಕ್ಕೆ ಇಟ್ಟಿದ್ದ. ಗೋಡೆಯಿಂದ ಎಷ್ಟು ಹೆಜ್ಜೆ, ಎಷ್ಟು ಆಳ, ಎಲ್ಲ ಬರೆದಿತ್ತು. ಮೇಲಧಿಕಾರಿ ಹಾಳೆ ತಿರುಗಿಸಿ ಮುರುಗಿಸಿ ನೋಡಿದ. "ಇದನ್ನ ಬರೆದವರು ಯಾರು?" ಎಂದು ಕೇಳಿದ.

"ಟ್ಯಾಂಕು ಕಟ್ಟಿದವನು. ಅದನ್ನೂ ಬರ್ಕೊಳ್ಳಿ ಸ್ವಾಮಿ, ಬಿಡ್ಬೇಡಿ. ಈಯಮ್ಮನ ಬಾಟಲಿ ಸರಿ ಇತ್ತು, ನನ್ನ ತಳ ಸರಿ ಇರ್ಲಿಲ್ಲ."

ಬೀದಿಯಲ್ಲಿ ಬಿರುಗಾಳಿ ಎದ್ದಿತು. ಟೈಲರಮ್ಮ ಮೀಸೆಯಿಲ್ಲದ ಮುಖ ನೋಡಿ ಮೊದಲು, "ಯಾರಪ್ಪಾ ಹೊಸಬ್ರು?" ಎಂದಳು. ವಿಷಯ ಕೇಳಿದ ಮೇಲೆ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದಳು. "ಪಾಸಾಗಿದ್ದ ಟ್ಯಾಂಕನ್ನ ನೀವೇ ಹೋಗಿ ಫೇಲ್ ಮಾಡಿಸಿಕೊಂಡು ಬಂದ್ರಾ? ನಿಮಗೆ ತಲೆ ನೆಟ್ಟಗಿದ್ಯಾ ಮೇಸ್ತ್ರೀ?"

"ತಲೆ ನೆಟ್ಟಗಿದೆ. ತಳ ನೆಟ್ಟಗಿಲ್ಲ. ಕೂಲಿ ಇಲ್ದೆ ಕಟ್ಟಿಕೊಡ್ತೀನಿ ಅಂದಿದ್ದೆ. ಸೋಮವಾರ ನಿಮ್ಮನೆಯಿಂದಲೇ ಶುರು."

ಒಂದು ವಾರ ಬೀದಿಯವರು ಮೇಸ್ತ್ರಿಯ ಹೆಂಡತಿಯ ಜೊತೆ ಅಂಗಡಿಯಲ್ಲೂ ಮಾತಾಡಲಿಲ್ಲ. ಅವಳು ತಲೆ ಬಗ್ಗಿಸಲಿಲ್ಲ. ಮೊದಲಿಗಿಂತ ನಿಧಾನವಾಗಿ, ಬೇಕು ಬೇಕೆಂದೇ ಎಲ್ಲರ ಮನೆ ಮುಂದೆ ಹಾದು, ತರಕಾರಿ ಚೀಲ ಹಿಡಿದು ನಡೆದಳು. "ತಪ್ಪು ಮುಚ್ಚಿಟ್ಟವನ ಹೆಂಡತಿ ಆಗಿದ್ರೆ ಬಗ್ಗಿಸ್ತಿದ್ದೆ" ಎಂದು ಮನೆಗೆ ಬಂದು ಸೊಸೆಗೆ ಹೇಳಿದಳು.

ಕೆಲಸ ಶುರುವಾಯಿತು. ಹೀರುವ ಲಾರಿ ಈ ಸಲ ದಾರಿ ತಪ್ಪದೆ ಬಂತು. ಲಾರಿ ಟ್ಯಾಂಕು ಖಾಲಿ ಮಾಡಿ ತೊಳೆದ ಮೇಲೂ ಎರಡು ದಿನ ಮುಚ್ಚಳ ತೆರೆದು ಬಿಡಬೇಕೆಂದು ಸೊಸೆ ಕಟ್ಟುನಿಟ್ಟು ಮಾಡಿದ್ದಳು. ಗಾಳಿ ಊದುವ ಯಂತ್ರ, ಸೊಂಟಕ್ಕೆ ಹಗ್ಗ, ಮೇಲೊಬ್ಬ ಕಾವಲು. ಇವಿಲ್ಲದೆ ಯಾರೂ ಇಳಿಯುವಂತಿಲ್ಲ. "ಮೂವತ್ತು ವರ್ಷ ಹಗ್ಗ ಇಲ್ದೆ ಇಳಿದವನು ನಾನು" ಎಂದು ಮೇಸ್ತ್ರಿ ಗೊಣಗಿದ. "ಮೂವತ್ತು ವರ್ಷ ಏನೇನು ಮಾಡಿದ್ರಿ ಅಂತ ನೋಡಿದೀವಲ್ಲ" ಎಂದಳು ಅವಳು. ಹೀಗೆ ಮಾವನಿಗೆ ತಿರುಗಿ ಹೇಳುವ ಸಲಿಗೆ ಅವಳಿಗೆ ಆ ದಿನಗಳಲ್ಲೇ ಬಂದದ್ದು. ಮೇಸ್ತ್ರಿ ಹಗ್ಗ ಕಟ್ಟಿಕೊಂಡ.

ಕಲ್ಲು ಮರಳು ಕಿತ್ತು ಹೊರಹಾಕಿ, ತಳಕ್ಕೆ ಕಬ್ಬಿಣ ಹೆಣೆದು ಕಾಂಕ್ರೀಟ್ ತುಂಬಿ, ಗೋಡೆಗೆ ಎರಡು ಪದರ ಗಾರೆ ಬಳಿದು ನಯ ಮಾಡಿ, ಏಳು ದಿನ ನೀರುಣಿಸಿ ಪಕ್ವ ಮಾಡಬೇಕು. ಮೊದಲ ಎರಡು ಮನೆಗೆ, ಹೆಂಡತಿಯನ್ನು ಮೇಲೆ ಕಾವಲಿಗೆ ನಿಲ್ಲಿಸಿಕೊಂಡು, ಮೇಸ್ತ್ರಿ ಒಬ್ಬನೇ ದುಡಿದ. ಮಗ ಮುಖ ಊದಿಸಿಕೊಂಡು ಬೇರೆ ಊರಿನ ಟೈಲ್ಸ್ ಕೆಲಸಕ್ಕೆ ಹೋಗುತ್ತಿದ್ದ. ಮೂರನೆಯ ಮನೆಯಲ್ಲಿ ಅಪ್ಪ ಸಿಮೆಂಟು ಬಾಂಡಲಿ ಎತ್ತಲಾರದೆ ಸೊಂಟ ಹಿಡಿದುಕೊಂಡು ಕೂತದ್ದನ್ನು ಸಂಜೆ ಹಾದುಹೋಗುವಾಗ ನೋಡಿದ. ಪ್ಯಾಂಟು ಮಡಚಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ.

"ನಾಳೆ ನಿನ್ನ ಟೈಲ್ಸ್ ಕೆಲಸ?" ಎಂದ ಮೇಸ್ತ್ರಿ.

"ಟೈಲ್ಸ್ ಎಲ್ಲಿಗೂ ಓಡಿ ಹೋಗಲ್ಲ. ಕರಣೆ ಕೊಡಿ ಇಲ್ಲಿ. ಮೂಲೆ ಸರಿ ಬಂದಿಲ್ಲ."

ಟೈಲರಮ್ಮನ ಮನೆಯ ಟ್ಯಾಂಕಿಗೆ ನೀರು ತುಂಬಿದ ದಿನ ಎಂಟು ಹತ್ತು ಜನ ಸುತ್ತ ನಿಂತಿದ್ದರು. ನೀರು ಎರಡನೆಯ ಕೋಣೆಯಲ್ಲಿ ಏರಿ, ಕೊಳವೆಯ ಬಾಯಿ ಮುಟ್ಟಿ, ಗುಳುಗುಳು ಸದ್ದು ಮಾಡುತ್ತ ಇಂಗುಗುಂಡಿಯ ಕಡೆಗೆ ಹೊರಟಿತು. ಮೇಸ್ತ್ರಿ ನೆಲಕ್ಕೆ ಕಿವಿಯಿಟ್ಟು ಆ ಸದ್ದು ಕೇಳಿದ.  ಮಾರನೆಯ ದಿನ ಟೈಲರಮ್ಮ ಪಕ್ಕದ ಮನೆಗೆ ತಾನೇ ಹೋಗಿ, "ಮುಂದಿನ ಸರದಿ ನಿಮ್ಮದು, ಹಿತ್ತಲು ಖಾಲಿ ಮಾಡಿಡಿ. ಸಿಮೆಂಟು ನಾವು ನಾವೇ ತಂದ್ಕೊಳ್ಳೋಣ, ಅವರ ತಲೆ ಮೇಲೆ ಹಾಕೋದು ಬೇಡ" ಎಂದು ಜೋರು ಮಾಡಿದಳು.

ಆರನೆಯ ವಾರಕ್ಕೆ ಒಂಬತ್ತು ಮನೆ ಮುಗಿದಿತ್ತು. ಆಮೇಲೆ ಬೀದಿಯವರೇ ಮರಳು ಸಾಗಿಸಿದರು, ನೀರುಣಿಸಿದರು, ವಾರಕ್ಕೆ ನಾಲ್ಕೈದು ಮನೆ ಸಾಗಿತು. ಹನ್ನೊಂದನೆಯ ವಾರಕ್ಕೆ ಮೂವತ್ತೊಂದೂ ಮುಗಿಯಿತು, ಗಡುವಿಗೆ ಇನ್ನೂ ಒಂದು ವಾರವಿರುವಾಗಲೇ. ನಾಲ್ಕನೆಯ ಕಂಬದ ನೀರನ್ನು ಈ ಸಲ ಮೇಲಧಿಕಾರಿಯೇ ಬಂದು ತನ್ನ ಕೈಯಿಂದ ತುಂಬಿಕೊಂಡು ಹೋದ. ಫಲಿತಾಂಶ ಮೂರನೆಯ ಕಂಬದಷ್ಟೇ ಚೆನ್ನಾಗಿ ಬಂತು. ಸೊಸೆಯ ಕೆಲಸ ಕಾಯಂ ಆಯಿತು. ಅವತ್ತು ಮೇಸ್ತ್ರಿಯ ಹೆಂಡತಿ ಮೀನು ತಂದು ಹುರಿದಳು, ದೊಡ್ಡ ತುಂಡನ್ನು ಸೊಸೆಯ ತಟ್ಟೆಗೆ ಹಾಕಿದಳು. ಎರಡನೆಯ ದೊಡ್ಡದು ಗಂಡನಿಗೆ.

ಅಲ್ಲಿಗೇ ಮುಗಿಯಲಿಲ್ಲ. ಹೊಳೆಯುದ್ದಕ್ಕೂ ಇನ್ನೂ ಎಷ್ಟೋ ಬೀದಿಗಳಿದ್ದವು. ಕಚೇರಿಯವರು ಸುತ್ತಮುತ್ತಲ ಮೇಸ್ತ್ರಿಗಳನ್ನೆಲ್ಲ ಒಂದು ದಿನ ಸಭೆಗೆ ಕರೆದರು. ಹೊಸ ನಿಯಮ ವಿವರಿಸುವ ಕೆಲಸ ಸೊಸೆಯ ಮೇಲೆ ಬಿತ್ತು. ಮೇಸ್ತ್ರಿಗೂ ಕರೆ ಬಂದಿತ್ತು. ಹೆಂಡತಿ ಇಸ್ತ್ರಿ ಮಾಡಿದ ಅಂಗಿ ತೊಡಿಸಿದಳು. ಅವನು ಹೋಗಿ ಹಿಂದಿನ ಸಾಲಿನಲ್ಲಿ ಕೂತ.

ಐವತ್ತು ಅರವತ್ತು ಗಂಡಸರ ಮುಂದೆ ಸೊಸೆ ಕಪ್ಪು ಹಲಗೆಯ ಪಕ್ಕ ನಿಂತಿದ್ದಳು. ಎರಡನೆಯ ಕೋಣೆಯ ಮಾತು ಬರುತ್ತಲೇ ಗದ್ದಲ ಶುರುವಾಯಿತು.

"ನೀವು ಯಾವತ್ತಾದ್ರೂ ಗುಂಡಿಗೆ ಇಳಿದಿದೀರೇನಮ್ಮ?" ಎಂದ ಒಬ್ಬ.

"ಪುಸ್ತಕ ಓದಿ ನಮಗೆ ಕೆಲಸ ಕಲಿಸೋಕೆ ಬಂದಿದ್ದಾರೆ" ಎಂದ ಇನ್ನೊಬ್ಬ.

ದಪ್ಪ ದನಿಯ ಮತ್ತೊಬ್ಬ ಎದ್ದೇ ನಿಂತ. "ಉಸಿರಾಡೋ ತಳ ನಾವು ಇಪ್ಪತ್ತು ವರ್ಷದಿಂದ ಹಾಕ್ತಿದೀವಿ. ಒಂದು ಟ್ಯಾಂಕೂ ತುಂಬಿಲ್ಲ. ದೊಡ್ಡ ಮೇಸ್ತ್ರಿ ಕಂಡುಹಿಡಿದದ್ದು ಅದು. ಅವರಿಗಿಂತ ನಿಮಗೆ ಜಾಸ್ತಿ ಗೊತ್ತಾ?"

ಸೊಸೆ ಹಿಂದಿನ ಸಾಲಿನ ಕಡೆ ನೋಡಲಿಲ್ಲ. ಮಾವನ ಹೆಸರನ್ನು ಅಷ್ಟು ಜನರ ಮುಂದೆ ಎಳೆಯಲು ಅವಳಿಗೆ ಮನಸ್ಸಿಲ್ಲ ಎಂದು ಮೇಸ್ತ್ರಿಗೆ ಗೊತ್ತಾಯಿತು. ಆ ಗದ್ದಲವನ್ನೆಲ್ಲ ಅವಳು ಒಬ್ಬಳೇ ಹೊಟ್ಟೆಗೆ ಹಾಕಿಕೊಂಡು ನಿಂತಿದ್ದಳು.

ಮೇಸ್ತ್ರಿ ಎದ್ದ. ಸಾಲುಗಳ ನಡುವೆ ಮುಂದಕ್ಕೆ ನಡೆದ. ಗುರುತು ಹಿಡಿದವರು ಒಬ್ಬೊಬ್ಬರಾಗಿ ಸುಮ್ಮನಾದರು.

"ಆ ದೊಡ್ಡ ಮೇಸ್ತ್ರಿ ನಾನೇ" ಎಂದ. "ಆ ತಳ ಕಂಡುಹಿಡಿದವನೂ ನಾನೇ. ನಿಮ್ಮಲ್ಲಿ ಅರ್ಧ ಜನ ನನ್ನ ನೋಡಿ ಕಲ್ತಿರಿ. ತಪ್ಪು ಕಲಿಸಿದೆ. ನಿಮ್ಮ ಟ್ಯಾಂಕು ತುಂಬ್ತಿಲ್ಲ ಅಂದ್ರೆ ಅದರಲ್ಲಿರೋದೆಲ್ಲ ಹೊಳೆಗೆ ಹೋಗ್ತಿದೆ ಅಂತಾನೇ ಅರ್ಥ. ಅದನ್ನ ಕಂಡುಹಿಡಿದವಳು ಇವಳು. ಇವಳು ನನ್ನ ಸೊಸೆ."

 ದಪ್ಪ ದನಿಯವನು ಮೆಲ್ಲಗೆ ಕೂತ. ಮೇಸ್ತ್ರಿ ಸೊಸೆಯ ಕಡೆ ತಿರುಗಿದ. ಅವನ ಎದೆ ಮೂವತ್ತು ವರ್ಷದಲ್ಲಿ ಯಾವತ್ತೂ ಉಬ್ಬದಷ್ಟು ಉಬ್ಬಿತ್ತು. ಅದು ಯಾರ ಸಲುವಾಗಿ ಎಂದು ಅಲ್ಲಿದ್ದ ಎಲ್ಲರಿಗೂ ಕಾಣುತ್ತಿತ್ತು.

"ನೀನು ಹೇಳಮ್ಮ, ಇವರು ಕೇಳ್ತಾರೆ" ಎಂದು ಹೇಳಿ ಅವನು ಸೀಮೆಸುಣ್ಣ ಎತ್ತಿಕೊಂಡ. "ಚಿತ್ರ ನಾನು ಬರೀತೀನಿ. ಯಾವ ಕಡೆಯಿಂದ ಶುರು ಮಾಡ್ಲಿ?"

"ತಳದಿಂದ, ಮಾವ" ಎಂದಳು ಸೊಸೆ.

ಮೇಸ್ತ್ರಿ ಹಲಗೆಯ ಕೆಳತುದಿಗೆ ಬಗ್ಗಿ, ಈ ಗೋಡೆಯಿಂದ ಆ ಗೋಡೆಯವರೆಗೆ, ಎಲ್ಲೂ ಬಿರುಕಿಲ್ಲದಂತೆ ಒಂದು ದಪ್ಪ ಗೆರೆ ಎಳೆದ.